ಜೋಯಲ್ ಸ್ವೀನಿಯೂ ಬ್ಯಾಂಜೊ ವಾದ್ಯವೂ

ಬ್ಯಾಂಜೊ ಎಂದೊಡನೆ ನಮ್ಮ ನಾಡಿನ ಹಲವರಿಗೆ ಗುಂಡಿಗಳನ್ನು ಒತ್ತಿ ನುಡಿಸುವ ಮರದ ಪೆಟ್ಟಿಗೆಯೊಂದು ನೆನಪಾಗುವುದುಂಟು. ಅದು ಬುಲ್‌ಬುಲ್ ತರಂಗ. ಜಪಾನಿನಲ್ಲಿ 1912ರಲ್ಲಿ ರೂಪುಗೊಂಡ ತೈಶೋಗೊತೊ ಎಂಬ ವಾದ್ಯದ ಸಂತತಿ. ಅಮೆರಿಕೆಯ ಜನಪದ ಸಂಗೀತದಲ್ಲಿ ಪ್ರಸಿದ್ಧವಾದ ಬ್ಯಾಂಜೊ ಬೇರೆಯೇ ಆಗಿದೆ. ದುಂಡನೆಯ ಬಳೆಗೆ ಚರ್ಮವನ್ನು ಬಿಗಿದು, ಉದ್ದನೆಯ ದಂಡಿಯನ್ನು ಸೇರಿಸಿ, ಚರ್ಮದ ಮೇಲೆ ನಿಲ್ಲಿಸಿದ ಕುದುರೆಯ ಮೇಲಿಂದ ತಂತಿಗಳನ್ನು ಹಾಯಿಸಿದರೆ ಆ ವಾದ್ಯ ಸಿದ್ಧವಾಗುತ್ತದೆ. ವೀಣೆಯ ದಂಡಿಗೆ ಮದ್ದಳೆಯ ಮುಖವನ್ನು ಕೂಡಿಸಿದಂತೆ ಎಂದರೆ ವಾಚಕರಿಗೆ ಸುಲಭವಾಗಿ ತಿಳಿದೀತು.

ಈ ವಾದ್ಯವನ್ನು ರಂಗಸ್ಥಳಕ್ಕೆ ತಂದವರಲ್ಲಿ ಮೊದಲಿಗನೆಂದು ಹೆಸರಾದವನು ಜೋಯಲ್ ವಾಕರ್ ಸ್ವೀನಿ. ಈತನು 1810ರಲ್ಲಿ ವರ್ಜೀನಿಯಾ ಸಂಸ್ಥಾನದ ಬಕಿಂಗ್‌ಹ್ಯಾಮ್ ಕೌಂಟಿಯಲ್ಲಿ, ಮುಂದೆ ಅಪಮ್ಯಾಟಕ್ಸ್ ಎಂಬ ಹೆಸರು ಪಡೆದ ಭಾಗದಲ್ಲಿ ಜನಿಸಿದನು. ಸುತ್ತಣ ಹೊಲತೋಟಗಳಲ್ಲಿ ಆಫ್ರಿಕಾ ಮೂಲದ ಗುಲಾಮರು ದುಡಿಯುತ್ತಿದ್ದರು. ಸೋರೆಯ ಬುರುಡೆಗೆ ಚರ್ಮವನ್ನು ಹೊದಿಸಿ ಮಾಡಿಕೊಂಡ ಬ್ಯಾಂಜೊ ಅವರ ವಿರಾಮದ ಸಂಗಾತಿಯಾಗಿತ್ತು. ಸ್ವೀನಿಯು ವಾದನವನ್ನು ಅವರಿಂದಲೇ ಕಲಿತನು. ನ್ಯಾಯಾಲಯದ ಕಲಾಪಗಳಿಗಾಗಿ ಜನರು ನೆರೆಯುವ ದಿನಗಳಲ್ಲಿ ಊರಿಂದೂರಿಗೆ ತೆರಳಿ ನುಡಿಸುತ್ತ, ಬಳಿಕ ಸರ್ಕಸ್ ಮಂಡಲಿಗಳನ್ನು ಸೇರಿ, 1839ರ ಹೊತ್ತಿಗೆ ನ್ಯೂಯಾರ್ಕಿನ ರಂಗಮಂದಿರಗಳನ್ನು ಮುಟ್ಟಿದನು. 1843ರಲ್ಲಿ ಕಡಲು ದಾಟಿ ಬ್ರಿಟನ್ನಿನಲ್ಲಿ ನುಡಿಸಿದನು. ಆ ದೇಶದ ಜನರಿಗೆ ಬ್ಯಾಂಜೊ ಪರಿಚಿತವಾದುದು ಇಂತಹ ಪ್ರವಾಸಗಳಿಂದಲೇ. ಆದರೆ ಈತನು ರಂಗವನ್ನೇರುತ್ತಿದ್ದುದು ಮುಖಕ್ಕೆ ಮಸಿ ಬಳಿದುಕೊಂಡು, ಗುಲಾಮರ ವೇಷವನ್ನು ಅಣಕಿಸುತ್ತ ಎಂಬುದನ್ನು ಮರೆಮಾಚಲಾಗದು. ಯಾರಿಂದ ವಿದ್ಯೆಯು ಬಂದಿತೋ ಅವರನ್ನೇ ನಗೆಪಾಟಲಿಗೀಡುಮಾಡಿ ಹಣ ಗಳಿಸುವುದು ಆ ಕಾಲದ ರಂಗಭೂಮಿಯ ರೂಢಿಯಾಗಿತ್ತು.

ವಾದ್ಯನಿರ್ಮಾಣದ ವಿಷಯದಲ್ಲಿಯೂ ಸ್ವೀನಿಯ ಹೆಸರು ಕೇಳಿಬರುತ್ತದೆ. ಚೀಸ್ ತುಂಬುವ ದುಂಡು ಮರದ ಡಬ್ಬಿಗೆ ಚರ್ಮವನ್ನು ಬಿಗಿದು ಈತನು ಹೊಸ ಬ್ಯಾಂಜೊವನ್ನು ಮಾಡಿದನೆಂದು ಪ್ರತೀತಿಯುಂಟು. ಇದು ದಂತಕಥೆಯೇ ಆಗಿದ್ದರೂ ಅದು ಸೂಚಿಸುವ ಮಾರ್ಪಾಟು ನಿಜವಾದುದು. ಬುರುಡೆಯು ಬೇಗನೆ ಒಡೆಯುತ್ತದೆ, ಒಂದರಂತೆ ಮತ್ತೊಂದಿರುವುದಿಲ್ಲ. ಹವೆಯ ತೇವಕ್ಕೆ ಸಡಿಲವಾದ ಚರ್ಮವನ್ನು ಮತ್ತೆ ಬಿಗಿಯುವುದೂ ಕಷ್ಟ. ಬಾಗಿಸಿದ ಮರದ ಬಳೆಗಾದರೋ ಕೊಕ್ಕೆಗಳನ್ನೂ ತಿರುಪುಗಳನ್ನೂ ಅಳವಡಿಸಿ ಬೇಕಾದಾಗ ಬಿಗಿಯಬಹುದು. ಮದ್ದಳೆಗಾರರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಲ್ಟಿಮೋರಿನಲ್ಲಿ ಡೋಲುಗಳನ್ನು ತಯಾರಿಸುತ್ತಿದ್ದ ವಿಲಿಯಂ ಬೌಚರ್ ಎಂಬವನು 1840ರ ದಶಕದಿಂದ ಈ ವಿಧಾನದಲ್ಲಿ ಬ್ಯಾಂಜೊಗಳನ್ನು ಮಾಡಿ ಮಾರತೊಡಗಿದನು. ಅಂದಿನ ವಾದ್ಯಗಳಿಗೆ ಮೆಟ್ಟುಗಳಿರಲಿಲ್ಲ. ತಂತಿಗಳೂ ಲೋಹದವಾಗಿರದೆ ಪ್ರಾಣಿಗಳ ಕರುಳಿನಿಂದ ಹೊಸೆದವಾಗಿದ್ದುವು.

ಸ್ವೀನಿಯು 1860ರಲ್ಲಿ ತೀರಿಕೊಂಡನು. ಅವನ ತಮ್ಮ ಸ್ಯಾಮ್ ಅಂತರ್ಯುದ್ಧದಲ್ಲಿ ಸೇನಾನಿ ಸ್ಟೂವರ್ಟನ ಪಾಳೆಯದಲ್ಲಿ ಬ್ಯಾಂಜೊ ನುಡಿಸುತ್ತಿದ್ದು 1864ರಲ್ಲಿ ಮಡಿದನು. ಅಣ್ಣನ ಕೀರ್ತಿಯಾದರೋ ಬೆಳೆಯುತ್ತಲೇ ಹೋಯಿತು. ಬ್ಯಾಂಜೊವಿನ ಐದನೆಯ ತಂತಿಯನ್ನು ಕಂಡುಹಿಡಿದವನು ಸ್ವೀನಿಯೇ ಎಂದು ಬಹುಕಾಲ ಪುಸ್ತಕಗಳಲ್ಲಿ ಬರೆಯಲಾಯಿತು.

ಈ ಐದನೆಯ ತಂತಿಯ ಸ್ವರೂಪವೇ ವಿಲಕ್ಷಣವಾದುದು. ಉಳಿದ ನಾಲ್ಕರ ಬಿರಡೆಗಳು ದಂಡಿಯ ತುದಿಯಲ್ಲಿದ್ದರೆ ಇದರ ಬಿರಡೆಯು ದಂಡಿಯ ನಡುವೆ, ಪಕ್ಕದಲ್ಲಿರುತ್ತದೆ. ಆದುದರಿಂದ ಇದು ಗಿಡ್ಡತಂತಿ; ದಪ್ಪ ತಂತಿಯ ಪಕ್ಕದಲ್ಲಿದ್ದರೂ ಎಲ್ಲಕ್ಕಿಂತ ಮೇಲಿನ ಶ್ರುತಿಯದು. ವಾದಕನು ತೋರುಬೆರಳಿನ ಉಗುರಿನ ಹಿಂಬದಿಯಿಂದ ಉಳಿದ ತಂತಿಗಳನ್ನು ಕೆಳಮುಖವಾಗಿ ಹೊಡೆಯುತ್ತ, ನಡುನಡುವೆ ಹೆಬ್ಬೆರಳಿನಿಂದ ಇದನ್ನು ಮೀಟುತ್ತಾನೆ. ರಾಗ ಯಾವ ಕಡೆಗೆ ಹರಿದರೂ ಆ ಒಂದು ಸ್ವರವು ಬಿಡದೆ ಮಿಡಿಯುತ್ತಿರುತ್ತದೆ. ನಮ್ಮ ವೀಣೆಯಲ್ಲಿ ಕಿರುಬೆರಳಿನಿಂದ ಮೀಟುವ ಪಕ್ಕದ ಮೂರು ತಂತಿಗಳ ಕಾರ್ಯವೂ ಇದಕ್ಕೆ ಸಮೀಪವಾದುದು. ಬ್ಯಾಂಜೊವಿನ ಜೀವವೇ ಈ ತಂತಿಯಲ್ಲಿರುವುದರಿಂದ ಅದರ ಕರ್ತೃತ್ವದ ಪ್ರಶ್ನೆಯು ಅಲ್ಪವಾದುದಲ್ಲ.

ಹಳೆಯ ಸಾಕ್ಷ್ಯಗಳು ಸ್ವೀನಿಯ ಪಕ್ಷದಲ್ಲಿಲ್ಲ. ಹಾನ್ಸ್ ಸ್ಲೋನ್ ಎಂಬ ವೈದ್ಯನು ಜಮೈಕಾ ದ್ವೀಪದ ಗುಲಾಮರ ಬುರುಡೆ ವಾದ್ಯಗಳ ಚಿತ್ರವನ್ನು 1707ರಷ್ಟು ಹಿಂದೆಯೇ ಅಚ್ಚುಹಾಕಿಸಿದ್ದನು. ಮುಂದೆ ರಾಷ್ಟ್ರಾಧ್ಯಕ್ಷನಾದ ಥಾಮಸ್ ಜೆಫರ್ಸನ್ ವರ್ಜೀನಿಯಾವನ್ನು ಕುರಿತ ತನ್ನ ಗ್ರಂಥದಲ್ಲಿ ಈ ವಾದ್ಯವನ್ನು ಗುಲಾಮರು ಆಫ್ರಿಕೆಯಿಂದ ತಂದುದಾಗಿ ತಿಳಿಸಿದ್ದಾನೆ. ಆ ಗ್ರಂಥವು ಅಚ್ಚಾದುದು 1785ರಲ್ಲಿ. ಇವೆಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷಿಯು ಒಂದು ವರ್ಣಚಿತ್ರ. ದಕ್ಷಿಣ ಕೆರೊಲಿನಾದ ಜಾನ್ ರೋಸ್ ಎಂಬ ಭೂಮಾಲಿಕನು 1785-90ರ ಸುಮಾರಿನಲ್ಲಿ ಬರೆದ ಆ ಚಿತ್ರದಲ್ಲಿ ಗುಲಾಮನೊಬ್ಬನು ನಾಲ್ಕು ತಂತಿಯ ಬುರುಡೆ ಬ್ಯಾಂಜೊವನ್ನು ನುಡಿಸುತ್ತಿದ್ದಾನೆ. ಅವುಗಳಲ್ಲೊಂದು ಗಿಡ್ಡತಂತಿಯೇ! ಸ್ವೀನಿಯು ಹುಟ್ಟುವುದಕ್ಕೆ ಇನ್ನೂ ಇಪ್ಪತ್ತು ವರ್ಷಗಳಿದ್ದುವು. ಪಶ್ಚಿಮ ಆಫ್ರಿಕೆಯ ಸೆನೆಗಲ್, ಗ್ಯಾಂಬಿಯಾ ಪ್ರದೇಶಗಳಲ್ಲಿ ವಾಸಿಸುವ ಜೋಲಾ ಜನರ ಅಕೋಂಟಿಂಗ್ ಎಂಬ ಮೂರು ತಂತಿಯ ವಾದ್ಯದಲ್ಲಿಯೂ ಗಿಡ್ಡತಂತಿಯುಂಟು. ಉಗುರಿನ ಹೊಡೆತವೂ ಹೆಬ್ಬೆರಳಿನ ಮೀಟೂ ಅಲ್ಲಿವೆ. ಇದೊಂದೇ ಬ್ಯಾಂಜೊವಿನ ತಾಯಿವಾದ್ಯವೆನ್ನುವುದು ಆತುರವಾದೀತು. ಆದರೆ ಮನೆತನ ಯಾವುದೆಂಬುದರಲ್ಲಿ ಸಂದೇಹವಿಲ್ಲ.

ಹಾಗಾದರೆ ಸ್ವೀನಿಗೆ ಉಳಿದುದೇನು? ಆತನು ಸೇರಿಸಿದ್ದಾದರೆ ಅದು ಗಿಡ್ಡತಂತಿಯಲ್ಲ, ಮಂದ್ರದ ದಪ್ಪ ತಂತಿಯಾಗಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ತೋಟದ ಗುಡಿಸಲಿನ ವಾದ್ಯವನ್ನು ನಗರಗಳ ರಂಗಕ್ಕೆ ಒಯ್ದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಅವನಿಗೆ ಸಲ್ಲತಕ್ಕದ್ದೇ. ಅವನು ತೀರಿಕೊಳ್ಳುವ ಮೊದಲೇ, 1855ರಲ್ಲಿ, ಬ್ಯಾಂಜೊ ಕಲಿಕೆಗಾಗಿ ಬ್ರಿಗ್ಸ್ ಎಂಬವನ ಹೆಸರಿನ ಬೋಧಿನಿಯು ಮುದ್ರಿತವಾಗಿ ಮಾರಾಟಕ್ಕೆ ಬಂದಿತ್ತು. ಅದರಲ್ಲಿ ವಿವರಿಸಿರುವ ಕೈಚಳಕವೂ ಉಗುರಿನ ಹೊಡೆತ ಮತ್ತು ಹೆಬ್ಬೆರಳಿನ ಮೀಟೇ ಆಗಿದೆ. ಜಾನ್ ರೋಸನ ಚಿತ್ರವು ಸ್ವೀನಿಯ ತವರಾದ ವರ್ಜೀನಿಯಾದಲ್ಲಿಯೇ, ವಿಲಿಯಮ್ಸ್‌ಬರ್ಗಿನ ಜನಪದ ಕಲಾ ಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ.