ಒಣಗಿಯೂ ಕೆಡದ ಔಷಧ



ದಾವಣಗೆರೆಯ ವೈಶಾಖದ ಬಿಸಿಲು ಎಂತಹುದೆಂಬುದನ್ನು ಆ ಊರಿನವರಿಗೆ ಹೇಳಬೇಕಾದುದಿಲ್ಲ. ಅಲ್ಲಿನ ಅಂಗಡಿಯಲ್ಲಿ ಇನ್ಸುಲಿನ್ ಸೀಸೆಯೊಂದನ್ನು ಕೊಂಡು, ಬಸ್ಸಿನಲ್ಲಿ ಹರಿಹರವನ್ನು ದಾಟಿ, ತುಂಗಭದ್ರೆಯ ಆಚೆಯ ಹಳ್ಳಿಗೆ ಹೊರಟ ಮಧುಮೇಹ ರೋಗಿಯೊಬ್ಬನನ್ನು ನೆನೆದುಕೊಳ್ಳಿ. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿರಿಸಬೇಕೆಂಬುದು ನಿಯಮ. ಮನೆಯಲ್ಲಿ ರೆಫ್ರಿಜಿರೇಟರು ಇಲ್ಲ. ಇದ್ದರೂ ವಿದ್ಯುತ್ತಿನ ಭರವಸೆಯಿಲ್ಲ. ಔಷಧ ಕೆಟ್ಟರೆ ನಷ್ಟವಾಗುವುದು ಹಣ ಮಾತ್ರವಲ್ಲ. ಪ್ರಾಣಕ್ಕೇ ಸಂಚಕಾರ ಬಂದೀತು.

ಇನ್ಸುಲಿನ್ ಒಂದು ಪ್ರೋಟೀನು, ಎಂದರೆ ಸಸಾರಜನಕ. 51 ಅಮೈನೋ ಆಮ್ಲಗಳು ಎರಡು ಸರಗಳಾಗಿ ಕೂಡಿ, ಗೊತ್ತಾದ ರೀತಿಯಲ್ಲಿ ಮಡಿಸಿಕೊಂಡಿವೆ. ಮಡಿಕೆ ಕೆಟ್ಟರೆ ಗುಣವೂ ಕೆಟ್ಟಂತೆಯೇ. ಬೆಂದ ಮೊಟ್ಟೆಯ ಬಿಳಿಭಾಗ ಮತ್ತೆ ದ್ರವವಾದೀತೆ? ನೀರಿನಲ್ಲಿ ಅಣುಗಳು ಚಲಿಸುತ್ತ ಒಂದಕ್ಕೊಂದು ತಾಗಿ ಗಂಟುಕಟ್ಟುವುವು. ನೀರೇ ಅವುಗಳ ಬಂಧವನ್ನು ಬಿಡಿಸುವುದೂ ಉಂಟು. ಆದುದರಿಂದ ನೀರನ್ನು ನೀಗಿ, ಔಷಧವನ್ನು ಹುಡಿಯಾಗಿಡುವ ಯತ್ನ ನಡೆದಿದೆ.

ಇದಕ್ಕೆ ಎರಡು ಮಾರ್ಗಗಳು ಮುಖ್ಯ. ಒಂದು, ಔಷಧವನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವುದು. ಇದಕ್ಕೆ ದಿನಗಳೇ ಹಿಡಿಯುತ್ತವೆ. ಇನ್ನೊಂದು, ದ್ರವವನ್ನು ತುಂತುರಾಗಿ ಬಿಸಿಗಾಳಿಯೊಳಕ್ಕೆ ಚಿಮ್ಮಿಸುವುದು. ಈ ತುಂತುರು ವಿಧಾನಕ್ಕೆ 1872ರಲ್ಲಿಯೇ ಅಮೆರಿಕದಲ್ಲಿ ಸ್ಯಾಮ್ಯುಯಲ್ ಪರ್ಸಿ ಎಂಬಾತ ಪೇಟೆಂಟು ಪಡೆದನು. ನಮಗೂ ಇದು ಅಪರಿಚಿತವಲ್ಲ; ಹಾಲಿನ ಹುಡಿ ಸಾಮಾನ್ಯವಾಗಿ ತಯಾರಾಗುವುದು ಹೀಗೆಯೇ. 2013ರಲ್ಲಿ ಮೊದಲಾದ ಕ್ಷೀರಭಾಗ್ಯ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಟ್ಟ ಹಾಲು ಹುಡಿಯಿಂದ ಕಲಸಿದುದೇ.

ಗಾಳಿಯ ಉಷ್ಣತೆ 100 ಡಿಗ್ರಿಗೂ ಮೇಲಿರುವಾಗ ಪ್ರೋಟೀನು ಬೇಯುವುದಿಲ್ಲವೇಕೆ? ಉತ್ತರ ನಮ್ಮ ಮನೆಯ ಮಣ್ಣಿನ ಮಡಕೆಯಲ್ಲಿದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಕ್ಯಾಲೊರಿ ಸಾಕು. ಅದನ್ನೇ ಆವಿಯಾಗಿಸಲು ಸುಮಾರು 580 ಕ್ಯಾಲೊರಿ ಬೇಕು. ಜಿನುಗಿ ಆರುವ ನೀರು ಮಡಕೆಯ ಶಾಖವನ್ನು ಹೊತ್ತೊಯ್ಯುವಂತೆ, ಹನಿಯಿಂದ ಹೊರಡುವ ನೀರು ಹನಿಯ ಶಾಖವನ್ನು ಹೊತ್ತೊಯ್ಯುತ್ತದೆ. ಒಂದು ಲೀಟರು ದ್ರವವನ್ನು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಅಗಲದ ಹನಿಗಳಾಗಿಸಿದರೆ, ಅವುಗಳ ಒಟ್ಟು ಹೊರಮೈ 600 ಚದರ ಮೀಟರು! ಆದುದರಿಂದಲೇ ಹನಿ ಕ್ಷಣಮಾತ್ರದಲ್ಲಿ ಆರುವುದು.

ನೀರು ಮುಗಿದೊಡನೆ ಆ ರಕ್ಷಣೆಯೂ ಮುಗಿಯಿತು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ಕಂಡವರು ಬಲ್ಲರು: ಕಾದ ಮರಳಿನಲ್ಲಿ ಅಕ್ಕಿ ಅರಳಿದ ಕೂಡಲೆ ತೆಗೆಯದಿದ್ದರೆ ಸೀದುಹೋಗುವುದು. ಹುಡಿಯ ವಿಷಯವೂ ಹಾಗೆಯೇ. ಹೊರಬರುವ ಗಾಳಿಯ ಬಿಸಿಯನ್ನು ಹದದಲ್ಲಿಟ್ಟು ಹುಡಿಯನ್ನು ಬೇಗನೆ ಬೇರ್ಪಡಿಸಬೇಕು. ಹನಿಯ ಹೊರಮೈಯೂ ಅಪಾಯದ ಸ್ಥಳವೇ. ಅಲ್ಲಿ ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳಬಹುದು. ಅದನ್ನು ತಡೆಯಲು ಸೋಪಿನ ಗುಣವುಳ್ಳ ಪಾಲಿಸಾರ್ಬೇಟಿನಂತಹ ದ್ರವ್ಯವನ್ನು ತುಸು ಬೆರೆಸುವರು. ಜೊತೆಗೆ ಟ್ರೆಹಲೋಸ್ ಎಂಬ ಸಕ್ಕರೆಯುಂಟು. ಅದು ಹೋದ ನೀರಿನ ಸ್ಥಾನದಲ್ಲಿ ನಿಂತು, ಗಾಜಿನಂತೆ ಗಟ್ಟಿಯಾಗಿ, ಅಣುವನ್ನು ಅಲುಗದಂತೆ ಹಿಡಿಯುತ್ತದೆ. ಅನಂತರವೂ ಹುಡಿಗೆ ತೇವ ತಾಕಕೂಡದು. ಆಷಾಢದ ಗಾಳಿಗೆ ಕರಿದ ಸಂಡಿಗೆ ಮೆತ್ತಗಾಗುವುದಿಲ್ಲವೆ?

ಹೀಗೆ ತಯಾರಾದ, ಉಸಿರಿನೊಡನೆ ಸೇದುವ ಎಕ್ಸುಬೆರಾ ಎಂಬ ಇನ್ಸುಲಿನ್ ಹುಡಿಗೆ 2006ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಮಾರಾಟ ಸಾಲದೆ, ಮರುವರ್ಷವೇ ತಯಾರಕರು ಅದನ್ನು ಕೈಬಿಟ್ಟರು. ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವವನ್ನು ನಿಲ್ಲಿಸುವ ಪ್ರೋಟೀನು ಹುಡಿಯೊಂದು 2015ರಲ್ಲಿ ಅನುಮತಿ ಪಡೆಯಿತು. ಆದರೆ ನಮ್ಮ ರೋಗಿ ಚುಚ್ಚಿಕೊಳ್ಳುವ ಇನ್ಸುಲಿನ್ ಇಂದಿಗೂ ದ್ರವವೇ.

ಆದುದರಿಂದ ಆತನು ಸೀಸೆಯನ್ನು ಬಸ್ಸಿನ ಕಿಟಕಿಯ ಬಿಸಿಲಿಗೆ ಒಡ್ಡದಿರಲಿ. ಮಂಜುಗಡ್ಡೆಗೆ ತಾಗಿಸಿ ಹೆಪ್ಪುಗಟ್ಟಿಸುವುದೂ ಬೇಡ. ರೆಫ್ರಿಜಿರೇಟರು ಇಲ್ಲದ ಮನೆಯಲ್ಲಿ, ಸೀಸೆಗೆ ನೀರು ಸೋಕದಂತೆ ಮುಚ್ಚಿ, ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯೊಳಗೆ, ನೆರಳಿನಲ್ಲಿ ಇರಿಸಲಿ. ಮಡಕೆ ರೆಫ್ರಿಜಿರೇಟರಿಗೆ ಸಮವಲ್ಲ; ಎಷ್ಟು ದಿನ ಬಳಸಬಹುದೆಂಬುದನ್ನು ವೈದ್ಯರಲ್ಲಿ ಕೇಳಿ ತಿಳಿಯಲಿ. ಹುಡಿಯ ಔಷಧ ಆ ಹಳ್ಳಿಯನ್ನು ಮುಟ್ಟುವವರೆಗೆ, ಆರುವ ನೀರಿನ ತಂಪೇ ಆತನಿಗೆ ಆಸರೆ.