ಕನ್ನಡದ ಕೀಲಿಮಣೆ: ವಿನ್ಯಾಸವೂ ಜನರ ಒಲವೂ

ಯಂತ್ರವೊಂದು ಎಷ್ಟು ಕೆಲಸವನ್ನು ಮಾಡಬಲ್ಲುದೆಂಬುದನ್ನು ಅದರ ಒಳರಚನೆಯು ನಿರ್ಣಯಿಸುತ್ತದೆ; ಜನರು ಅದನ್ನು ಒಲಿದು ಬಳಸುವರೋ ಇಲ್ಲವೋ ಎಂಬುದು ಮಾತ್ರ ಬಹುಮಟ್ಟಿಗೆ ಕಣ್ಣಿಗೂ ಬೆರಳಿಗೂ ಎಟುಕುವ ಅದರ ಹೊರಮೈಯನ್ನು ಅವಲಂಬಿಸಿದೆ. ಕನ್ನಡವು ಗಣಕಯಂತ್ರವನ್ನು ಹೊಕ್ಕ ಬಗೆ ಇದಕ್ಕೆ ತಕ್ಕ ನಿದರ್ಶನ.

ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರಗಳನ್ನು ಆಕಾರಕ್ಕನುಸಾರವಾಗಿ ಒಡೆದು ಕೀಲಿಗಳಿಗೆ ಹಂಚಿದ್ದರು. ತಿಂಗಳುಗಟ್ಟಲೆ ಅಭ್ಯಾಸಮಾಡಿದ ಬೆರಳಚ್ಚುಗಾರನ ಹೊರತು ಉಳಿದವರಿಗೆ ಅದು ಬೀಗ ಹಾಕಿದ ಪೆಟ್ಟಿಗೆ. 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ‘ಇನ್‌ಸ್ಕ್ರಿಪ್ಟ್’ ಎಂಬ ವಿನ್ಯಾಸವನ್ನು ರೂಪಿಸಿತು. ಎಡಗೈಗೆ ಸ್ವರಗಳು, ಬಲಗೈಗೆ ಹೆಚ್ಚಿನ ವ್ಯಂಜನಗಳು. ಹಿಂದಿಯ ಕಕಾರವಿದ್ದೆಡೆಯೇ ಕನ್ನಡದ ಕಕಾರ. ಶಾಸ್ತ್ರದೃಷ್ಟಿಯಿಂದ ಇದು ಬಲು ಅಚ್ಚುಕಟ್ಟು. ಘಾಜಿಯಾಬಾದಿನಲ್ಲಿ ಹಿಂದಿಯನ್ನು ಈ ಕ್ರಮದಲ್ಲಿ ಕಲಿತ ಕನ್ನಡ ಬಾಲಕನು ಬೆರಳಿಗೆ ಹೊಸ ಪಾಠವಿಲ್ಲದೆಯೇ ಕನ್ನಡವನ್ನು ಬರೆಯಬಲ್ಲನು. ಆದರೂ ಕನ್ನಡಿಗರಲ್ಲಿ ಅದು ಹೆಚ್ಚು ಹರಡಲಿಲ್ಲ. ಅಂಗಡಿಯಲ್ಲಿ ದೊರೆಯುವ ಕೀಲಿಮಣೆಯ ಮೇಲಿರುವುದು ರೋಮನ್ ಅಕ್ಷರ. ತಕಾರಕ್ಕೆ ‘ಎಲ್’, ಪಕಾರಕ್ಕೆ ‘ಎಚ್’ ಒತ್ತಬೇಕೆಂದರೆ ಹೊಸಬನು ಮೊದಲ ಅರ್ಧ ಗಂಟೆಯಲ್ಲೇ ಎದ್ದುಹೋಗುತ್ತಾನೆ.

ಶ್ರೀ ಕೆ. ಪಿ. ರಾವ್ ಅವರು ಈ ಅಡಚಣೆಯನ್ನೇ ಅನುಕೂಲವಾಗಿ ಮಾರ್ಪಡಿಸಿದರು. (ತಮ್ಮ ತಂತ್ರಾಂಶಕ್ಕೆ ಅವರು ‘ಸೇಡಿಯಾಪು’ ಎಂದು ವಿದ್ವಾಂಸರ ಹೆಸರನ್ನಿಟ್ಟುದು ಮೆಚ್ಚತಕ್ಕ ವಿಷಯ.) ಅವರ ವಿನ್ಯಾಸದಲ್ಲಿ ‘ಕೆ’ ಒತ್ತಿದರೆ ಕ, ಷಿಫ್ಟ್ ಸಹಿತ ಒತ್ತಿದರೆ ಖ. 26 ಕೀಲಿಗಳಿಂದ 52 ಸ್ಥಾನಗಳು ದೊರೆಯುತ್ತವೆ. ನಮ್ಮ ವರ್ಣಮಾಲೆಯ 49 ಅಕ್ಷರಗಳೂ ಒತ್ತಕ್ಷರವನ್ನು ಕೂಡಿಸುವ ಕೊಂಡಿಯೂ ಅಷ್ಟರಲ್ಲೇ ಅಡಗುತ್ತವೆ. ಕಂಠಪಾಠ ಮಾಡಬೇಕಾದವು ಕೆಲವೇ: ‘ಕ್ಯೂ’ ಟಕಾರ, ‘ಡಬ್ಲ್ಯೂ’ ಡಕಾರ, ‘ಎಕ್ಸ್’ ಷಕಾರ, ‘ಎಫ್’ ಆ ಕೊಂಡಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಈ ಕ್ರಮವು ಕರ್ನಾಟಕದ ಕಚೇರಿಗಳಿಗೂ ಮನೆಗಳಿಗೂ ಹಬ್ಬಿತು.

ಇದನ್ನು ಲಿಪ್ಯಂತರವೆಂದು ಭ್ರಮಿಸಬಾರದು. ‘ಅಕ್ಷರ’ ಎಂಬ ಪದವನ್ನು ರೋಮನ್ ಕಾಗುಣಿತದಲ್ಲಿ ಬರೆಯಲು ಏಳು ಕೀಲಿಗಳು ಬೇಕು; ಇಲ್ಲಿ ಐದು: ಅ, ಕ, ಕೊಂಡಿ, ಷ, ರ. ಕೀಲಿಯ ಮೇಲಿನ ಗುರುತು ಪರಕೀಯವಾದರೂ ಬರೆಯುವವನ ಎಣಿಕೆ ಕನ್ನಡದ್ದು. ಲಿಪ್ಯಂತರದಲ್ಲಾದರೋ ಮನಸ್ಸು ರೋಮನ್ನಿನಲ್ಲಿ ಕೂಡಿಸುತ್ತದೆ, ಯಂತ್ರ ಕನ್ನಡಿಸಿಕೊಡುತ್ತದೆ. ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ಅದನ್ನು ಕಾಣದ ನಮ್ಮ ಮಕ್ಕಳ ಮಟ್ಟಿಗೆ ಈ ಭೇದವು ಸಣ್ಣದಲ್ಲ. ಷಕಾರ ಯಾವುದು, ಶಕಾರ ಯಾವುದು ಎಂದು ಆರಿಸುವ ಪ್ರಸಂಗವೇ ಒದಗದಿದ್ದರೆ ಅಕ್ಷರಜ್ಞಾನವು ಎಲ್ಲಿಂದ ಬಂದೀತು?

ವಿಚಿತ್ರವೆಂದರೆ ಕೈಫೋನಿನಲ್ಲಿ ರೋಮನ್ ಗುರುತಿನ ನೆರವೇ ಬೇಕಿಲ್ಲ. ಅಲ್ಲಿ ಕೀಲಿಗಳು ಗಾಜಿನ ಮೇಲಿನ ಚಿತ್ರಗಳಾದ್ದರಿಂದ ಕನ್ನಡಾಕ್ಷರಗಳನ್ನೇ ತೋರಬಲ್ಲವು. ಆದರೂ ಅಜ್ಜಿಗೆ ‘ಊಟ ಆಯ್ತಾ’ ಎಂಬ ಸಂದೇಶವು ಘಾಜಿಯಾಬಾದಿನಿಂದ ಹೆಚ್ಚಾಗಿ ರೋಮನ್ನಿನಲ್ಲೇ ಹೊರಡುತ್ತದೆ. ಫೋನನ್ನು ಕೊಂಡಾಗ ಮೊದಲು ಕಾಣುವ ಮಣೆ ಸಾಮಾನ್ಯವಾಗಿ ಇಂಗ್ಲಿಷಿನದು; ಕನ್ನಡದ್ದು ಸೆಟ್ಟಿಂಗ್ಸ್‌ನ ಒಳಗೆ, ಭಾಷೆಗಳ ಪಟ್ಟಿಯಲ್ಲಿ ಅಡಗಿದೆ. ತಂದೆತಾಯಿಗಳು ಒಮ್ಮೆ ಅದನ್ನು ಸೇರಿಸಿಕೊಟ್ಟರೆ, ಅಲ್ಲಿಂದ ಮುಂದೆ ಒಂದೇ ಕೀಲಿಯನ್ನು ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಬಹುದು.