ಹೂವಿಗೆ ಬಣ್ಣ ತುಂಬಿದ ಕೈ ಯಾರದು?

ಮನೆಯ ಗೋಡೆಗೆ ಹೂವಿನ ಹಳೇ ಚಿತ್ರ ತೂಗುಹಾಕೋದು ಈಗ ಟ್ರೆಂಡ್. ಆನ್‌ಲೈನ್‌ನಲ್ಲಿ ಹುಡುಕಿದರೆ ಗುಲಾಬಿ, ಲಿಲ್ಲಿ, ಸೇವಂತಿಗೆ ಸಾಲುಸಾಲಾಗಿ ಬರ್ತವೆ. ಕೆಳಗೆ ‘ಆಂಟಿಕ್, ಹ್ಯಾಂಡ್ ಕಲರ್ಡ್’ ಅಂತ ಬರೆದಿರುತ್ತೆ. ಹಾಗಂದ್ರೆ ಏನು?

ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಅದಕ್ಕೆ ಮಸಿ ತುಂಬಿ, ಒದ್ದೆ ಕಾಗದ ಇಟ್ಟು ಒತ್ತುತ್ತಿದ್ದರು. ಅಚ್ಚಾಗ್ತಿದ್ದುದು ಗೆರೆ ಮಾತ್ರ. ಬಣ್ಣವನ್ನು ಒಂದೊಂದು ಹಾಳೆಗೂ ಕುಂಚ ಹಿಡಿದೇ ತುಂಬಬೇಕಿತ್ತು. ಲಂಡನ್ನಿನಲ್ಲಿ ವಿಲಿಯಂ ಕರ್ಟಿಸ್ 1787ರಲ್ಲಿ ಶುರು ಮಾಡಿದ ‘ಬೊಟಾನಿಕಲ್ ಮ್ಯಾಗಜಿನ್’ನಲ್ಲಿ, ಮುಂದೆ ಅಚ್ಚಿನ ವಿಧಾನ ಬದಲಾದರೂ, 1948ರವರೆಗೂ ಕೈಯಲ್ಲೇ ಬಣ್ಣ ಹಚ್ಚಿದರು. ಕುಷ್ಟಗಿ, ಯಲಬುರ್ಗಾದಲ್ಲಿ ನಾವು ಮೊಳದ ಲೆಕ್ಕದಲ್ಲಿ ಕೊಳ್ಳೋ ಸೇವಂತಿಗೆ 1796ರಲ್ಲೇ ಅದರ ಪುಟಕ್ಕೆ ಬಂದಿತ್ತು.

ಆದರೆ ಬಣ್ಣ ಹಚ್ಚಿದವರ ಹೆಸರು ಹಾಳೆಯ ಮೇಲೆ ಇರ್ತಿರಲಿಲ್ಲ. ನಮ್ಮ ನಾಡಿನದೂ ಇಂಥದೇ ಕಥೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ಒಬ್ಬ ಮರಾಠಿ ಕಲಾವಿದನಿಂದ ಸುತ್ತಲಿನ ಗಿಡಗಳ ಚಿತ್ರ ಬರೆಸಿದ. ಚಿತ್ರಗಳು ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ, ಬರೆದವನ ಹೆಸರು ಉಳಿಯಲಿಲ್ಲ. ಅದೇ ಕಾಲದಲ್ಲಿ ಮದ್ರಾಸಿನಲ್ಲಿ ರಾಬರ್ಟ್ ವೈಟ್ ಮಾತ್ರ ರಂಗಯ್ಯ, ಗೋವಿಂದು ಎಂಬ ತನ್ನ ಕಲಾವಿದರ ಹೆಸರನ್ನು ಚಿತ್ರದ ಕೆಳಗೇ ಅಚ್ಚು ಹಾಕಿಸಿದ. ಒಂದು ಆರ್ಕಿಡ್ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟ.

ಕೊಳ್ಳೋ ಮುಂಚೆ ಫೋನಿನ ಕ್ಯಾಮೆರಾ ಝೂಮ್ ಮಾಡಿ ನೋಡ್ರಿ. ಬಣ್ಣವೆಲ್ಲ ಸಣ್ಣ ಸಣ್ಣ ಚುಕ್ಕೆಯಾಗಿ ಕಂಡರೆ ಅದು ಈಚಿನ ಅಚ್ಚು. ಕೈಬಣ್ಣ ಅಲ್ಲಲ್ಲಿ ಗೆರೆ ದಾಟಿರುತ್ತೆ, ಕುಂಚ ನಿಂತಲ್ಲಿ ಗಾಢವಾಗಿರುತ್ತೆ. ಹಾಳೆ ಕತ್ತರಿಸದೇ ಇದ್ದರೆ ಸುತ್ತ ತಗಡಿನ ಅಂಚು ಒತ್ತಿದ ತಗ್ಗೂ ಬೆರಳಿಗೆ ಸಿಗಬಹುದು.

ಇನ್ನೊಂದು ಮಾತು. ಬಿಡಿ ಹಾಳೆಗಳಲ್ಲಿ ಎಷ್ಟೋ ಹಳೇ ಪುಸ್ತಕ ಬಿಚ್ಚಿ ಮಾರಿದಂಥವು. ಹೂ ಫ್ರೇಮಿಗೆ ಹೋಗುತ್ತೆ, ಪಕ್ಕದ ಬರಹ ರದ್ದಿಗೆ. ಗೋಡೆಗೆ ಅಂದ ಬೇಕು ಅಷ್ಟೇ ಅನ್ನೋರು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಜಾಲತಾಣ ತೆರೀರಿ. ಕರ್ಟಿಸನ ಹಳೇ ಸಂಪುಟಗಳು ಅಲ್ಲಿ ಉಚಿತ. ಇಳಿಸಿಕೊಂಡು ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಪ್ರಿಂಟ್ ಹಾಕಿಸಿದರಾಯ್ತು, ಪುಸ್ತಕ ಹರಿಯೋದಿಲ್ಲ.

ಉಳಿದ ದುಡ್ಡಿಗೆ ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋಗಿ ಬನ್ನಿ. ಅಲ್ಲಿನ ಚಿತ್ರಗಾರರು ಇವತ್ತಿಗೂ ಹಗುರ ಕಟ್ಟಿಗೆಯ ಗೊಂಬೆಗಳಿಗೆ ಕೈಯಾರೆ ಬಣ್ಣ ಹಚ್ತಾರೆ. ಒಂದನ್ನು ಕೊಂಡರೆ, ಬಣ್ಣ ಹಚ್ಚಿದವರ ಹೆಸರು ಕೇಳಿ ಅದರ ಅಡಿಯಲ್ಲಿ ಬರೆದಿಡ್ರಿ.